ಮೋಟರ್ ಬದಲಿಸೋಕೆ ಮುಕ್ಕಾಲು ಗಂಟೆ, ಕೆಟ್ಟಿದ್ದು ಮೋಟರೇ ಅಂತ ತಿಳಿಯೋಕೆ ಎರಡು ವಾರ

ಭಾಗ 1/9

ಮೊದಲನೇ ಫೋಟೋದಲ್ಲಿರೋ ತುಕ್ಕು ಹಿಡಿದ ಡಬ್ಬಿ ನಮ್ಮನೆ ಕಾರಿನ ಬ್ಲೋವರ್ ಮೋಟರ್. ಒಂದೇ ಕೈಯಲ್ಲಿ ಎತ್ತಬಹುದು. ಇದೊಂದು ನಿಂತುಹೋದ್ರೆ ಏನಾಗುತ್ತೆ ಅನ್ನೋದು ನಂಗೆ ಚಾರ್ಮಾಡಿ ಘಾಟಿಯಲ್ಲಿ ಗೊತ್ತಾಯ್ತು.

ಕಳೆದ ಮಳೆಗಾಲ, ಜೂನ್ ಕೊನೆ. ಉಜಿರೆಯ ಅತ್ತೆ ಮನೆಯಿಂದ ಮೂಡಿಗೆರೆಗೆ ವಾಪಸ್ ಬರ್ತಿದ್ವಿ. ಘಾಟಿ ಹತ್ತೋಕೆ ಶುರು ಮಾಡಿದಾಗ ಸಂಜೆ ಆರೂವರೆ. ಹೊರಗೆ ಮಳೆ, ಮಂಜು. ಒಳಗೆ ನಾಲ್ಕು ಜನರ ಉಸಿರು, ಒದ್ದೆ ಕೊಡೆಗಳು. ಒಂದೆರಡು ತಿರುವು ಆಗೋ ಹೊತ್ತಿಗೆ ಮುಂದಿನ ಗಾಜು ಒಳಗಡೆಯಿಂದ ಪೂರ್ತಿ ಬೆಳ್ಳಗಾಯ್ತು. ಅಪ್ಪ ಬ್ಲೋವರ್ ನಾಬನ್ನ ನಾಲ್ಕಕ್ಕೆ ತಿರುಗಿಸಿದ್ರು. ಸದ್ದೇ ಇಲ್ಲ.

ಕಿಟಕಿ ಇಳಿಸಿದ್ರೆ ಮಳೆ ಒಳಗೆ ಬರುತ್ತೆ, ಏರಿಸಿದ್ರೆ ಗಾಜು ಕಾಣಲ್ಲ. ಕೊನೆಗೆ ಅಮ್ಮ ಸೀಟಿನಿಂದ ಮುಂದಕ್ಕೆ ಬಾಗಿ ಸೆರಗಲ್ಲಿ ಗಾಜು ಒರೆಸ್ತಾ ಕೂತ್ರು. ಒರೆಸಿದ ಜಾಗ ಅರ್ಧ ನಿಮಿಷಕ್ಕೆ ಮತ್ತೆ ಮುಚ್ಚಿಕೊಳ್ತಿತ್ತು. ಒಂದು ತಿರುವಲ್ಲಿ ಎದುರಿಗೆ ಬಸ್ಸು ಬಂತು. ನಮಗೆ ಕಂಡಿದ್ದು ಎರಡು ಹಳದಿ ಮಚ್ಚೆ ಮಾತ್ರ. ಅದು ಎಷ್ಟು ಹತ್ತಿರದಲ್ಲಿ ಹೋಯ್ತು ಅಂತ ಹಿಂದಿನ ಸೀಟಲ್ಲಿದ್ದ ನಂಗೂ ತಮ್ಮಂಗೂ ಗೊತ್ತು. ಕೊಟ್ಟಿಗೆಹಾರ ಬರೋವರೆಗೆ ಯಾರೂ ಮಾತಾಡ್ಲಿಲ್ಲ. ಅಲ್ಲಿ ಇಳಿದು ಅಮ್ಮ ಸೆರಗು ಹಿಂಡಿದ್ರು, ನೀರು ಇಳೀತು.

ಈ ಸರಣಿ ಆ ಮೋಟರನ್ನ ಮನೇಲೇ ಬದಲಿಸಿದ ಬಗ್ಗೆ. ಆದ್ರೆ ನಂಗೆ ಹೇಳಬೇಕಾಗಿರೋದು ಬದಲಿಸೋ ವಿಷಯ ಅಲ್ಲ. ಅದು ಮುಂದೆ ಬರುತ್ತೆ.

ಭಾಗ 2/9

ಮೊದಲು ಒಂದು ತಪ್ಪು ತಿಳುವಳಿಕೆ ಸರಿ ಮಾಡೋಣ. ನಮ್ಮ ಕ್ಲಾಸಲ್ಲೇ ಎಷ್ಟೋ ಜನ ಅಂದ್ಕೊಂಡಿರೋದು, ಹೀಟರ್ ಅಂದ್ರೆ ಚಳಿ ದೇಶದವರಿಗೆ, ನಮ್ಮೂರಲ್ಲಿ ಅದರ ಕೆಲಸ ಇಲ್ಲ ಅಂತ. ಕೆಂಪು ಕಡೆಗೆ ನಾಬ್ ತಿರುಗಿಸದೇ ಇರೋ ಕಾರುಗಳು ನಮ್ಮಲ್ಲಿ ಸುಮಾರಿವೆ.

ಬ್ಲೋವರ್ ತಾನಾಗಿ ಬಿಸಿಯನ್ನೂ ಮಾಡಲ್ಲ, ತಣ್ಣಗೂ ಮಾಡಲ್ಲ. ಅದು ಬರೀ ಗಾಳಿ ತಳ್ಳುತ್ತೆ. ಆ ಗಾಳಿ ಮೊದಲು ಎಸಿಯ ತಣ್ಣನೆ ಕಾಯಿಲ್ ಮೂಲಕ ಹೋಗುತ್ತೆ, ಆಮೇಲೆ ಬೇಕಾದ್ರೆ ಹೀಟರ್ ಕೋರ್ ಮೂಲಕ. ಹೀಟರ್ ಕೋರ್ ಅಂದ್ರೆ ಎಂಜಿನ್‌ನ ಬಿಸಿ ಕೂಲೆಂಟ್ ಹರಿಯೋ ಪುಟ್ಟ ರೇಡಿಯೇಟರ್. ಎಸಿಗೂ ಹೀಟರ್‌ಗೂ ಒಂದೇ ಬ್ಲೋವರ್. ಅದು ನಿಂತರೆ ಎರಡೂ ಇದ್ದೂ ಇಲ್ಲದ ಹಾಗೆ.

ಗಾಜು ಮಂಜಾಗೋದು ನಮ್ಮ ಉಸಿರಿನ ತೇವ ತಣ್ಣನೆ ಗಾಜಿಗೆ ಬಡಿದು ಹನಿಯಾಗೋದ್ರಿಂದ. ಎಸಿ ಕಾಯಿಲ್ ಗಾಳಿಯ ತೇವವನ್ನ ಹಿಂಡಿ ತೆಗೆಯುತ್ತೆ, ಹೀಟರ್ ಆ ಒಣ ಗಾಳಿಯನ್ನ ಬೆಚ್ಚಗೆ ಮಾಡುತ್ತೆ. ಒಣಗಿದ, ಬೆಚ್ಚಗಿನ ಗಾಳಿ ಗಾಜಿಗೆ ಬಡಿದರೆ ಮಂಜು ಬೇಗ ಕರಗುತ್ತೆ. ಅದಕ್ಕೇ ಮಳೆಯಲ್ಲಿ ಹೀಗೆ ಇಡಿ: ಗಾಳಿ ಹೊರಗಿನಿಂದ, ಅಂದ್ರೆ ಒಳಗಿನ ಗಾಳಿಯೇ ಸುತ್ತೋ ಬಟನ್ ಆಫ್. ಎಸಿ ಆನ್. ಉಷ್ಣತೆ ಸ್ವಲ್ಪ ಕೆಂಪು ಕಡೆಗೆ. ದಿಕ್ಕು ಮುಂದಿನ ಗಾಜಿಗೆ.

ಮಲೆನಾಡಿನವರಿಗೆ ಇದು ಸುಖದ ವಿಷಯ ಅಲ್ಲ. ವೈಪರ್ ಎಷ್ಟು ಮುಖ್ಯವೋ ಬ್ಲೋವರ್ ಅಷ್ಟೇ ಮುಖ್ಯ. ವೈಪರ್ ಗಾಜಿನ ಹೊರಗಿನದು, ಬ್ಲೋವರ್ ಒಳಗಿನದು.

ಭಾಗ 3/9

ಈಗ ನಾನು ಮಾಡಿದ ದಡ್ಡತನ.

ಘಾಟಿ ಘಟನೆ ಆದ ಮಾರನೇ ದಿನ ಅಪ್ಪ ಸರ್ವಿಸ್ ಸೆಂಟರ್ ಒಂದಕ್ಕೆ ಫೋನ್ ಮಾಡಿದ್ರು. ಕಾರು ನೋಡದೇನೇ "ಬ್ಲೋವರ್ ಅಸೆಂಬ್ಲಿ ಪೂರ್ತಿ ಹಾಕ್ಬೇಕು, ಲೇಬರ್ ಸೇರಿ ಆರೂವರೆ ಸಾವಿರದಿಂದ ಮೇಲೆ" ಅಂದ್ರು. ಅಪ್ಪ ಎಸ್ಟೇಟ್ ರೈಟರ್. ಕಾರು ಸೆಕೆಂಡ್ ಹ್ಯಾಂಡ್. ಅವರು ಫೋನ್ ಇಟ್ಟು, "ಮುಂದಿನ ತಿಂಗಳು ನೋಡೋಣ" ಅಂದ್ರು. ಆ ಮುಂದಿನ ತಿಂಗಳು ಜುಲೈ. ನಮ್ಮ ಕಡೆ ಜುಲೈ ಮಳೆ ಹೆಂಗಿರುತ್ತೆ ಅಂತ ಹೇಳಬೇಕಾಗಿಲ್ಲ.

ನಾನು ಎಲೆಕ್ಟ್ರಿಕಲ್ ಮೂರನೇ ವರ್ಷ. ಡಿಸಿ ಮೋಟರ್ ಬಗ್ಗೆ ಪರೀಕ್ಷೆಯಲ್ಲಿ ಹತ್ತು ಮಾರ್ಕ್ಸಿನ ಉತ್ತರ ಬರೆದವಳು. ಒಂದು ರೀಲ್ ನೋಡಿದೆ: "ಬ್ಲೋವರ್ ಓಡ್ತಿಲ್ವಾ? ರೆಸಿಸ್ಟರ್ ಬದಲಿಸಿ, ಮುಗೀತು." ಆನ್‌ಲೈನಲ್ಲಿ 480 ರೂಪಾಯಿ ಕೊಟ್ಟು ತರಿಸಿ ಹಾಕಿದೆ. ಏನೂ ಆಗ್ಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದೆ, ಮತ್ತೂ ಆಗ್ಲಿಲ್ಲ.

ಆಮೇಲೆ ಕೂತು ಯೋಚಿಸಿದಾಗ ನಾಚಿಕೆ ಆಯ್ತು. ಸಾದಾ ನಾಬ್ ಇರೋ ಕಾರಲ್ಲಿ 1, 2, 3ನೇ ಸ್ಪೀಡ್‌ಗೆ ಕರೆಂಟ್ ರೆಸಿಸ್ಟರ್ ಮೂಲಕ ಹೋಗುತ್ತೆ. 4ಕ್ಕೆ ರೆಸಿಸ್ಟರ್ ಬಿಟ್ಟು ನೇರವಾಗಿ ಹೋಗುತ್ತೆ. ಅಂದ್ರೆ ರೆಸಿಸ್ಟರ್ ಕೆಟ್ಟರೆ ಸಾಮಾನ್ಯವಾಗಿ 1, 2, 3 ಸತ್ತು 4 ಮಾತ್ರ ಓಡಬೇಕು. ನಮ್ಮದರಲ್ಲಿ ನಾಲ್ಕೂ ಸತ್ತಿತ್ತು. ಇದನ್ನ ತಿಳಿಯೋಕೆ ಸ್ಪ್ಯಾನರ್ ಬೇಡ, ಸ್ಕ್ರೂಡ್ರೈವರ್ ಬೇಡ. ನಾಬನ್ನ ನಾಲ್ಕು ಸಲ ತಿರುಗಿಸಿದ್ರೆ ಸಾಕಿತ್ತು. ಸೀರೀಸ್ ಸರ್ಕ್ಯೂಟ್ ನಂಗೆ ಮೊದಲ ಸೆಮಿಸ್ಟರ್‌ನಿಂದ ಗೊತ್ತು. ಆದ್ರೂ ನಾನು ಯೋಚಿಸೋಕೆ ಮೊದಲು ಪಾರ್ಟ್ ಕೊಂಡಿದ್ದೆ.

480 ರೂಪಾಯಿ, ಒಂದು ವಾರ, ಅಪ್ಪನ ಮುಖ. ಮೂರರಲ್ಲಿ ಕೊನೇದೇ ಜಾಸ್ತಿ ಚುಚ್ಚಿದ್ದು.

ಭಾಗ 4/9

ಎರಡನೇ ಪ್ರಯತ್ನ ಕ್ರಮವಾಗಿ. ಮೊದಲು ಫ್ಯೂಸ್. ಎಷ್ಟನೇದು ಬ್ಲೋವರ್‌ದು ಅಂತ ಫ್ಯೂಸ್ ಡಬ್ಬಿಯ ಮುಚ್ಚಳದಲ್ಲೋ ಕಾರಿನ ಪುಸ್ತಕದಲ್ಲೋ ಇರುತ್ತೆ. ನಮ್ಮದು ಸರಿ ಇತ್ತು. ಸುಟ್ಟಿದ್ರೆ ಅದೇ ಆಂಪ್‌ನದ್ದನ್ನೇ ಹಾಕಬೇಕು. ದೊಡ್ಡದು ಹಾಕಿದ್ರೆ ಮುಂದಿನ ಸಲ ಸುಡೋದು ಫ್ಯೂಸ್ ಅಲ್ಲ, ವೈರು.

ಆಮೇಲೆ ಮಲ್ಟಿಮೀಟರ್. ಮೋಟರ್‌ನ ಕಪ್ಲರ್ ಬಿಚ್ಚಿ, ನಾಬ್ 4ಕ್ಕಿಟ್ಟು ಅಳತೆ ಮಾಡಿದೆ. 12 ವೋಲ್ಟ್ ಚಿಲ್ಲರೆ ತೋರಿಸ್ತು. ಕರೆಂಟ್ ಬರ್ತಿದೆ, ಅಂದ್ರೆ ಮೋಟರೇ ಕೆಟ್ಟಿದೆ ಅಂತ ಮೊಬೈಲ್ ತೆಗೆದು ಮೋಟರ್ ಆರ್ಡರ್ ಮಾಡೋಕೆ ಹೊರಟೆ. ಒಂದ್ಸಲ ಮೋಸ ಹೋಗಿದ್ನಲ್ಲ, ಅದಕ್ಕೆ ಊರಿನ ಗ್ಯಾರೇಜ್ ಅಣ್ಣನ ಹತ್ರ ಹೋಗಿ ಕೇಳಿದೆ.

ಅವರು ಕೆಲಸ ಬಿಟ್ಟು ಏಳಲಿಲ್ಲ. "ಮೀಟರ್ ನಂಬ್ಬೇಡ ತಂಗಿ, ಬಲ್ಬ್ ಹಾಕಿ ನೋಡು" ಅಂದು, ಎರಡು ವೈರ್ ಕಟ್ಟಿದ್ದ ಹಳೇ ಹೆಡ್‌ಲೈಟ್ ಬಲ್ಬ್ ಕೈಗೆ ಕೊಟ್ರು.

ಯಾಕೆ ಅಂತ ದಾರಿಯಲ್ಲಿ ಹೊಳೀತು. ಮೀಟರ್ ಕರೆಂಟ್ ಎಳೆಯೋದು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ವೈರ್ ಒಳಗೆ ತುಕ್ಕು ಹಿಡಿದು ಒಂದೇ ಒಂದು ಎಳೆ ಉಳಿದಿದ್ರೂ ಅದು 12 ವೋಲ್ಟ್ ತೋರಿಸುತ್ತೆ. ನಲ್ಲಿ ಮುಚ್ಚಿದ್ದಾಗ ಕಟ್ಟಿಕೊಂಡಿರೋ ಪೈಪಿನಲ್ಲೂ ಪ್ರೆಶರ್ ಇರುತ್ತೆ. ತಿರುಗಿಸಿದಾಗಲೇ ನೀರು ಎಷ್ಟು ಬರುತ್ತೆ ಅಂತ ಗೊತ್ತಾಗೋದು. 55 ವ್ಯಾಟ್‌ನ ಬಲ್ಬ್ ನಾಲ್ಕೂವರೆ ಆಂಪ್ ಎಳೆಯುತ್ತೆ. ವೈರು ಆ ಭಾರ ಹೊತ್ತರೆ ಬಲ್ಬ್ ಜೋರಾಗಿ ಉರಿಯುತ್ತೆ, ಹೊರದಿದ್ರೆ ಮಂಕಾಗುತ್ತೆ.

ಕಪ್ಲರ್‌ಗೆ ಬಲ್ಬ್ ಕೊಟ್ಟೆ. 4ರಲ್ಲಿ ಕಣ್ಣು ಕುಕ್ಕೋ ಬೆಳಕು, 1ರಲ್ಲಿ ಮಂಕು. ಅಂದ್ರೆ ವೈರ್ ಸರಿ, ಅರ್ತ್ ಸರಿ, ಸ್ವಿಚ್ ಸರಿ, ರೆಸಿಸ್ಟರ್ ಸರಿ. ಉಳಿದಿದ್ದು ಮೋಟರ್ ಒಂದೇ. ಐದು ನಿಮಿಷದ ಕೆಲಸ.

ಭಾಗ 5/9

ನಾಲ್ಕನೇ ಫೋಟೋ: ಬಿಚ್ಚೋ ಕೆಲಸ. ಎಷ್ಟೋ ಹ್ಯಾಚ್‌ಬ್ಯಾಕ್‌ಗಳಲ್ಲಿ ಇರೋ ಹಾಗೆ ನಮ್ಮದರಲ್ಲೂ ಬ್ಲೋವರ್ ಎಡಗಡೆ, ಗ್ಲೋವ್ ಬಾಕ್ಸ್ ಹಿಂದೆ, ಕೂತವರ ಕಾಲಿನ ಮೇಲ್ಗಡೆ ಇದೆ.

ಚಾವಿ ತೆಗೆದು, 10ರ ಸ್ಪ್ಯಾನರ್‌ನಲ್ಲಿ ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಗ್ಲೋವ್ ಬಾಕ್ಸ್ ಖಾಲಿ ಮಾಡಿ, ಎರಡೂ ಬದಿ ಒಳಕ್ಕೆ ಒತ್ತಿ ಕೆಳಕ್ಕೆ ಇಳಿಸಿದೆ. ಒಳಗೆ ದುಂಡಗಿನ ಕಪ್ಪು ಪ್ಲಾಸ್ಟಿಕ್, ಅದರ ನಡುವೆ ಮೋಟರ್, ಮೂರು ಸ್ಕ್ರೂ. ಎರಡು ಸುಲಭ. ಮೂರನೇದು ಬರೀ ಕೈಗೆ ಕಾಣುತ್ತೆ, ಕಣ್ಣಿಗೆ ಕಾಣಲ್ಲ. ಅದಕ್ಕೆ ಗಿಡ್ಡ ಸ್ಕ್ರೂಡ್ರೈವರ್ ಬೇಕು. ತಲೆ ಕೆಳಗೆ, ಕಾಲು ಸೀಟಿನ ಮೇಲೆ, ಬಾಯಲ್ಲಿ ಮೊಬೈಲ್ ಟಾರ್ಚು. ತಮ್ಮ ಆ ಭಂಗಿಯಲ್ಲಿ ತೆಗೆದ ಫೋಟೋ ನಾನು ಹಾಕಲ್ಲ.

ಕಪ್ಲರ್ ಬಿಚ್ಚುವಾಗ ಲಾಕ್ ಒತ್ತಿ ಪ್ಲಾಸ್ಟಿಕ್ ಹಿಡಿದು ಎಳೀಬೇಕು. ವೈರ್ ಹಿಡಿದು ಎಳೆದರೆ ಇಲ್ಲದ ಹೊಸ ತೊಂದರೆ ಹುಟ್ಟುತ್ತೆ. ಕೆಲವು ಮೋಟರ್‌ಗಳಿಗೆ ಬೆರಳು ದಪ್ಪದ ರಬ್ಬರ್ ಪೈಪ್ ಇರುತ್ತೆ. ಅದು ಮೋಟರನ್ನೇ ತಂಪು ಮಾಡೋ ಗಾಳಿಗೆ. ವಾಪಸ್ ಹಾಕುವಾಗ ಮರೆತರೆ ಹೊಸ ಮೋಟರ್ ಬೇಗ ಬಿಸಿಯಾಗಿ ಸಾಯುತ್ತೆ.

ಸ್ಕ್ರೂ ಬಂತು. ಮೋಟರ್ ಫ್ಯಾನಿನ ಸಮೇತ ಕೈಗೆ ಜಾರಿತು. ಜೊತೆಗೆ ಒಂದು ಹಿಡಿ ಕೊಳೆತ ಎಲೆ, ಕಂದು ನೀರು, ನನ್ನ ಮುಖದ ಮೇಲೆ.

ಭಾಗ 6/9

ಆ ಎಲೆಗಳೇ ಈ ಸರಣಿಯ ಮುಖ್ಯ ಭಾಗ. ಫೋಟೋ ಐದು, ಝೂಮ್ ಮಾಡಿ ನೋಡಿ.

ಸಿಲ್ವರ್ ಓಕ್ ಎಲೆ. ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸೋ ಮರ. ನಾವು ಕಾರು ನಿಲ್ಲಿಸೋದು ಅದರ ಕೆಳಗೇ. ಎಲೆ ಸೀಳು ಸೀಳಾಗಿ ತೆಳ್ಳಗೆ ಇರೋದ್ರಿಂದ ವೈಪರ್ ಕೆಳಗಿನ ಜಾಲರಿಯಲ್ಲಿ ಸಲೀಸಾಗಿ ಜಾರಿ ಒಳಗೆ ಹೋಗುತ್ತೆ. ಆ ಜಾಲರಿಯಿಂದಲೇ ಬ್ಲೋವರ್ ಹೊರಗಿನ ಗಾಳಿ ಎಳೆಯೋದು. ಅಲ್ಲೇ ಮಳೆನೀರು ಹರಿದುಹೋಗೋಕೆ ತೂತು ಇರುತ್ತೆ. ಎಲೆ ಆ ತೂತನ್ನ ಮುಚ್ಚಿತ್ತು. ನೀರು ನಿಂತು, ತುಂಬಿ, ಗಾಳಿಯ ದಾರಿಯಲ್ಲಿ ಇಳಿದು ಮೋಟರ್ ಮೇಲೆ ಬಿದ್ದಿತ್ತು. ಬುಶ್‌ಗೆ ತುಕ್ಕು, ಕಾರ್ಬನ್ ಬ್ರಶ್ ಸವೆದು ಮುಗಿದಿತ್ತು.

ಈಗ ಹಿಂದಿನದ್ದೆಲ್ಲ ಅರ್ಥ ಆಯ್ತು. ಮೇ ತಿಂಗಳಲ್ಲಿ ಬ್ಲೋವರ್ ಹಾಕಿದಾಗ ಕೀಚ್ ಕೀಚ್ ಸದ್ದು ಬರ್ತಿತ್ತು, ನಾವು ಹಾಡಿನ ಸೌಂಡ್ ಜಾಸ್ತಿ ಮಾಡಿದ್ವಿ. ಜೂನಲ್ಲಿ ಒಮ್ಮೊಮ್ಮೆ ನಿಲ್ತಿತ್ತು, ಅಪ್ಪ ಗ್ಲೋವ್ ಬಾಕ್ಸ್ ಕೆಳಗೆ ಕೈಯಲ್ಲಿ ಗುದ್ದಿದ್ರೆ ಮತ್ತೆ ಓಡ್ತಿತ್ತು. ಗುದ್ದಿದ್ರೆ ಓಡುತ್ತೆ ಅಂದ್ರೆ ಬ್ರಶ್ ಸವೆದಿದೆ ಅಂತಲೇ ಅನುಮಾನ ಪಡಬೇಕು. ಕಾರು ಒಂದೂವರೆ ತಿಂಗಳು ಹೇಳ್ತಾನೇ ಇತ್ತು, ಕೇಳಿಸಿಕೊಳ್ಳೋರು ಇರಲಿಲ್ಲ.

ಇನ್ನೊಂದು ಯೋಚನೆ ಬಂದು ಬೆವರು ಬಂತು. ಸರ್ವಿಸ್ ಸೆಂಟರ್‌ನವರು ಹೇಳಿದ ಹಾಗೇ ಮಾಡಿಸಿ, ಯಾರೂ ಮೇಲಿನ ಜಾಲರಿ ತೆಗೆದು ನೋಡದೇ ಇದ್ದಿದ್ರೆ? ಆರೂವರೆ ಸಾವಿರದ ಹೊಸ ಮೋಟರ್ ಮೇಲೂ ಅದೇ ನೀರು ಬೀಳ್ತಿತ್ತು. ಏನು ಕೆಟ್ಟಿದೆ ಅನ್ನೋದಕ್ಕೆ ಉತ್ತರ ಸಿಕ್ಕಿದ್ರೆ ಅರ್ಧ ಕೆಲಸ. ಯಾಕೆ ಕೆಟ್ಟಿತು ಅನ್ನೋದಕ್ಕೆ ಉತ್ತರ ಸಿಕ್ಕಿದ್ರೆ ರಿಪೇರಿ.

ಭಾಗ 7/9

ಹೊಸ ಮೋಟರ್ 1,650 ರೂಪಾಯಿ. ಹಾಕೋಕೆ ಮೊದಲು ಹಳೇದರ ಪಕ್ಕ ಇಟ್ಟು ನೋಡಿದೆ: ಸ್ಕ್ರೂ ತೂತು, ಕಪ್ಲರ್ ಆಕಾರ, ಫ್ಯಾನಿನ ಎತ್ತರ, ರೆಕ್ಕೆ ಬಾಗಿರೋ ದಿಕ್ಕು. ಪ್ಲಸ್ ಮೈನಸ್ ಅದಲುಬದಲಾದ್ರೆ ಇಂಥ ಫ್ಯಾನು ಉಲ್ಟಾ ತಿರುಗುತ್ತೆ. ಆಗಲೂ ಗಾಳಿ ಬರುತ್ತೆ, ಆದ್ರೆ ಮಂದವಾಗಿ. ಹಾಗಾಗಿ ಮೋಸ ಗೊತ್ತಾಗಲ್ಲ.

ಜಾಲರಿ ತೆಗೆದು ಎಲೆ ಬಳಿದು, ತೂತಿಗೆ ತಂತಿ ಹಾಕಿ, ಒಂದು ಚೊಂಬು ನೀರು ಹುಯ್ದೆ. ಚಕ್ರದ ಹತ್ರ ಸರಾಗವಾಗಿ ಇಳೀತು. ಆ ಚೊಂಬು ನೀರು ಇಳಿದಾಗ ಆದ ಖುಷಿ ಮೋಟರ್ ತಿರುಗಿದಾಗಲೂ ಆಗ್ಲಿಲ್ಲ.

ಮೋಟರ್ ಕೂರಿಸಿ, ಮೂರು ಸ್ಕ್ರೂ ಬಿಗಿದು, ಕಪ್ಲರ್ ಹಾಕಿ, ಬ್ಯಾಟರಿ ಕೊಟ್ಟು, 4ಕ್ಕೆ ತಿರುಗಿಸಿದೆ. ಗಾಳಿ ಬಂತು. ಓಡ್ತಿರುವಾಗಲೇ ಮೋಟರ್‌ನ ಅರ್ತ್ ಪಿನ್‌ಗೂ ಕಾರಿನ ಬಾಡಿಗೂ ನಡುವೆ ಮೀಟರ್ ಇಟ್ಟೆ: 0.1 ವೋಲ್ಟ್. ಅಲ್ಲಿ ಒಂದೆರಡು ವೋಲ್ಟ್ ಇದ್ದಿದ್ರೆ ಅರ್ತ್ ಕೆಟ್ಟಿದೆ ಅಂತ ಅರ್ಥ. ಮುಕ್ಕಾಲು ಗಂಟೆ.

ಅಪ್ಪ ಬಂದು ಗಾಜಿನ ಹತ್ರ ಕೈ ಹಿಡಿದು ನೋಡಿದ್ರು. "ಆ ರೆಸಿಸ್ಟರ್ ವಾಪಸ್ ತಗೋತಾರಾ?" ಅಂತ ಕೇಳಿದ್ರು. ಇಲ್ಲ ಅಂದೆ. "ಹ್ಞೂಂ" ಅಂದು ಕಾರಿನ ಚಾವಿ ನಂಗೇ ಬಿಟ್ಟು ಒಳಗೆ ಹೋದ್ರು.

ಭಾಗ 8/9

ಈಗ ನನ್ನ ಅಭಿಪ್ರಾಯ. ಇಷ್ಟು ಹೊತ್ತು ಓದಿಸಿದ್ದು ಇದಕ್ಕೆ.

ಬಲ್ಬ್ ವಾಪಸ್ ಕೊಡೋಕೆ ಹೋದಾಗ ಗ್ಯಾರೇಜ್ ಅಣ್ಣಂಗೆ 200 ರೂಪಾಯಿ ಕೊಡೋಕೆ ಹೋದೆ. ಅವರು ನಕ್ಕುಬಿಟ್ರು. "ನಾನೇನ್ ಮಾಡ್ದೆ? ಏನೂ ಮಾಡ್ಲಿಲ್ವಲ್ಲ" ಅಂದ್ರು.

ಅವರು ಮಾಡಿದ್ದೇ ಎಲ್ಲಕ್ಕಿಂತ ದೊಡ್ಡ ಕೆಲಸ. ನನ್ನ ಮೀಟರ್ ಸುಳ್ಳು ಹೇಳಬಹುದು ಅಂತ ಅವರಿಗೆ ಗೊತ್ತಿತ್ತು. ನಂಗೆ ಗೊತ್ತಿರಲಿಲ್ಲ. ಆದ್ರೆ ಅವರಿಗೂ ಅದು ದುಡ್ಡು ಕೇಳೋ ಕೆಲಸ ಅನ್ನಿಸ್ಲಿಲ್ಲ, ಯಾಕಂದ್ರೆ ಗಿರಾಕಿಗಳು ಯಾರೂ ಅದಕ್ಕೆ ಕೊಡಲ್ಲ. ನಾವು ಪಾರ್ಟ್‌ಗೆ ಕೊಡ್ತೀವಿ, ಬಿಚ್ಚಿ ಹಾಕಿದ್ದಕ್ಕೆ ಕೊಡ್ತೀವಿ. "ಬರೀ ನೋಡಿದ್ದಕ್ಕೆ 300 ರೂಪಾಯಿನಾ?" ಅಂತ ಜಗಳ ಆಡ್ತೀವಿ. ಹಾಗಿರುವಾಗ ಮೆಕ್ಯಾನಿಕ್ ಒಂದು ಗಂಟೆ ಹುಡುಕಿ "ಪಾರ್ಟ್ ಏನೂ ಬೇಡ, ಎಲೆ ತೆಗೆದ್ರೆ ಸಾಕು" ಅಂತ ಯಾಕೆ ಹೇಳ್ತಾರೆ? ಪಾರ್ಟ್ ಬದಲಿಸೋದೇ ಅವರಿಗೆ ಹೊಟ್ಟೆಪಾಡಾಗೋ ಹಾಗೆ ಮಾಡಿರೋದು ನಾವೇ. ಆಮೇಲೆ "ಎಲ್ಲಾ ಮೋಸ ಮಾಡ್ತಾರೆ" ಅಂತ ಬೈಯೋರೂ ನಾವೇ.

2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ಅದರಲ್ಲಿ ಕಾರು ಬೈಕುಗಳೂ ಸೇರಿವೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 2012ರಲ್ಲೇ ಜನ ವೋಟ್ ಹಾಕಿ ಕಾರು ರಿಪೇರಿ ಹಕ್ಕನ್ನ ಒಪ್ಪಿಕೊಂಡ್ರು. ಒಳ್ಳೇದು, ಬೇಕು. ಆದ್ರೆ ಹಕ್ಕು ಸಿಕ್ಕ ಮೇಲೂ ನಾನು ರೆಸಿಸ್ಟರ್ ಕೊಂಡ ಹಾಗೆ ಕಣ್ಣು ಮುಚ್ಚಿ ಪಾರ್ಟ್ ಕೊಳ್ತಾ ಹೋದ್ರೆ, ಸರ್ವಿಸ್ ಸೆಂಟರ್ ಮಾಡ್ತಿದ್ದ ತಪ್ಪನ್ನೇ ಮನೇಲಿ ಕಮ್ಮಿ ಖರ್ಚಲ್ಲಿ ಮಾಡಿದ ಹಾಗಾಗುತ್ತೆ ಅಷ್ಟೇ.

"ಎಂಜಿನಿಯರಿಂಗ್ ಓದಿ ಮೆಕ್ಯಾನಿಕ್ ಕೆಲಸನಾ ಮಚ್ಚಾ?" ಅಂತ ಹೋದ ಸ್ಟೋರಿಗೆ ಉತ್ತರ ಹಾಕಿದವರಿಗೆ: ಆ ದಿನ ನಮ್ಮಿಬ್ಬರಲ್ಲಿ ಎಂಜಿನಿಯರ್ ಥರ ಯೋಚಿಸಿದ್ದು ಅವರು. ಕೇಳಿದ್ದನ್ನ ನಂಬಿ ದುಡ್ಡು ಕಳೆದಿದ್ದು ನಾನು. ನಮ್ಮ ಲ್ಯಾಬಲ್ಲಿ ಮೋಟರ್ ಯಾವಾಗಲೂ ಸರಿ ಇರುತ್ತೆ, ರೀಡಿಂಗ್ ಮಾತ್ರ ಬರ್ಕೊಳ್ತೀವಿ. ಒಂದು ದಿನವಾದ್ರೂ ಕೆಟ್ಟ ಮೋಟರ್ ಕೊಟ್ಟು "ಇದು ಯಾಕೆ ಓಡ್ತಿಲ್ಲ ಹೇಳಿ" ಅಂತ ಕೇಳಿದ್ರೆ ನಮ್ಮ ಕ್ಲಾಸಲ್ಲಿ ಎಷ್ಟು ಜನ ಪಾಸಾಗ್ತೀವಿ? ನಾನಂತೂ ಫೇಲ್ ಆಗಿ ಬಂದವಳು.

ಭಾಗ 9/9

ಮನೇಲಿ ಕಾರು ಬಿಚ್ಚಿ ಅಂತ ಎಲ್ಲರಿಗೂ ಹೇಳ್ತಿಲ್ಲ. ಎಲ್ಲಿ ನಿಲ್ಲಿಸ್ಬೇಕು ಅನ್ನೋದೂ ಗೊತ್ತಿರಬೇಕು.

2021ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಹೊಸ ಮಾಡೆಲ್ ಕಾರುಗಳಿಗೆ ಎಡಗಡೆ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯ. ಅದು ಕೂತಿರೋದು ಗ್ಲೋವ್ ಬಾಕ್ಸ್‌ನ ಮೇಲ್ಗಡೆಯೇ. ಹಳದಿ ಕಪ್ಲರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗ್‌ದು, ಮುಟ್ಟಬೇಡಿ. ಬ್ಯಾಟರಿ ಬಿಚ್ಚಿ, ಕಾರಿನ ಪುಸ್ತಕ ಹೇಳಿದಷ್ಟು ಹೊತ್ತು ಕಾದು ಆಮೇಲೆ ಕೈ ಹಾಕಿ. ಎಲೆಕ್ಟ್ರಿಕ್ ಕಾರಲ್ಲಿ ಕಿತ್ತಳೆ ಬಣ್ಣದ ವೈರ್ ಕಂಡರೆ ಬಾಗಿಲು ಹಾಕಿ ವಾಪಸ್ ಬನ್ನಿ. ಆಟೋಮ್ಯಾಟಿಕ್ ಎಸಿ ಇದ್ರೆ ಸ್ಪೀಡ್ ನಿಯಂತ್ರಿಸೋದು ಎಲೆಕ್ಟ್ರಾನಿಕ್ ಮಾಡ್ಯೂಲ್, ನಾನು ಹೇಳಿದ ಬಲ್ಬ್ ಲೆಕ್ಕ ಅಲ್ಲಿ ನೇರವಾಗಿ ನಡೆಯಲ್ಲ. ಕೆಲವು ಕಾರಲ್ಲಿ ಡ್ಯಾಶ್‌ಬೋರ್ಡೇ ಇಳಿಸ್ಬೇಕಾಗುತ್ತೆ. ಅದು ಗ್ಯಾರೇಜಿನ ಕೆಲಸ.

ಆದ್ರೆ ಇಷ್ಟು ಯಾರು ಬೇಕಾದ್ರೂ ಮಾಡಬಹುದು, ಇವತ್ತೇ. ನಾಬನ್ನ 1, 2, 3, 4 ತಿರುಗಿಸಿ ಕೇಳಿ. 4 ಮಾತ್ರ ಓಡಿದ್ರೆ ರೆಸಿಸ್ಟರ್ ಕಡೆ ನೋಡಿ. ಕೀಚ್ ಸದ್ದು ಬಂದ್ರೆ ಬುಶ್. ಗುದ್ದಿದ್ರೆ ಓಡಿದ್ರೆ ಬ್ರಶ್. ಸದ್ದು ಜೋರು, ಗಾಳಿ ಕಮ್ಮಿ ಅಂದ್ರೆ ಫಿಲ್ಟರ್ ಅಥವಾ ಎಲೆ. ಮರದ ಕೆಳಗೆ ನಿಲ್ಲಿಸೋರು ಮಳೆಗಾಲಕ್ಕೆ ಮೊದಲು ವೈಪರ್ ಕೆಳಗಿನ ಜಾಲರಿಗೆ ಒಂದು ಚೊಂಬು ನೀರು ಹುಯ್ದು, ಅದು ಎಲ್ಲಿ ಇಳಿಯುತ್ತೆ ಅಂತ ನೋಡಿ.

ಇದನ್ನೆಲ್ಲ ಬರೆದಿಟ್ಟುಕೊಂಡು ಮೆಕ್ಯಾನಿಕ್ ಹತ್ರ ಹೋಗಿ. "ಬ್ಲೋವರ್ ಹೋಗಿದೆ, ಬದಲಿಸಿ" ಅನ್ನಬೇಡಿ. "ನಾಲ್ಕೂ ಸ್ಪೀಡ್ ಓಡ್ತಿಲ್ಲ, ಯಾಕೆ ಅಂತ ನೋಡ್ತೀರಾ ಅಣ್ಣ, ನೋಡಿದ್ದಕ್ಕೆ ಎಷ್ಟು?" ಅಂತ ಕೇಳಿ. ಪಾರ್ಟ್ ಹಾಕದಿದ್ರೂ ಆ ದುಡ್ಡು ಕೊಟ್ಟು ಬನ್ನಿ.

ನನ್ನ 200 ರೂಪಾಯಿ ಅಣ್ಣ ಕೊನೆಗೂ ತಗೊಳ್ಳಲಿಲ್ಲ. ಎರಡನೇ ಸಲ ಹೋದಾಗ ನಮ್ಮ ಹಳೇ ಹೆಡ್‌ಲೈಟ್ ಬಲ್ಬ್‌ಗೆ ವೈರ್ ಬೆಸುಗೆ ಹಾಕಿ, ತುದಿಗೆ ಕ್ಲಿಪ್ ಕಟ್ಟಿ ಕೊಟ್ಟೆ. ಅದನ್ನ ತಗೊಂಡ್ರು. ಬೆಸುಗೆ ತಿರುಗಿಸಿ ನೋಡಿ, "ಇಲ್ಲಿ ಸ್ವಲ್ಪ ಸಡಿಲ ಇದೆ" ಅಂದ್ರು.

ನಿಮ್ಮನೆ ಕಾರು ಏನು ಸದ್ದು ಮಾಡ್ತಿದೆ? ಕಾಮೆಂಟಲ್ಲಿ ಬರೀರಿ, ಒಟ್ಟಿಗೆ ಕೂತು ಯೋಚಿಸೋಣ. ಪಾರ್ಟ್ ಮಾತ್ರ ಇನ್ನೂ ಆರ್ಡರ್ ಮಾಡಬೇಡಿ. ಘಾಟಿಯಲ್ಲಿ ಕಾರು ಓಡಿಸೋ ಅಪ್ಪ, ಅಣ್ಣ, ಅಕ್ಕ ಇದ್ರೆ ಭಾಗ 2 ಅವರಿಗೆ ಕಳ್ಸಿ.

#ಮನೇಲೇ_ರಿಪೇರಿ #ಮಲೆನಾಡು_ಮಳೆ #ಚಾರ್ಮಾಡಿ #ಕನ್ನಡದಲ್ಲಿ_ಕಾರು #ಮೊದಲು_ಯೋಚಿಸಿ_ಆಮೇಲೆ_ಬಿಚ್ಚಿ